ಎರಡನೆಯ ಸಲವೂ ಬರಬೇಕೆಂದರೆ: ನಶೆ ಬಳಸುವ ಹಳ್ಳಿಯ ಜನರೊಂದಿಗೆ ಆರೋಗ್ಯ ಅಧ್ಯಯನ, ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಗಾಂಜಾ, ನೋವಿನ ಗುಳಿಗೆ, ಕೆಮ್ಮಿನ ಔಷಧ, ಸೂಜಿಯ ಮದ್ದು, ಸಾರಾಯಿ ಇಂಥವನ್ನು ಬಳಸುವವರನ್ನು ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮತ್ತೆ ಭೇಟಿಯಾಗಬೇಕಾದ ಅಧ್ಯಯನಗಳ ಕ್ಷೇತ್ರ ಸಿಬ್ಬಂದಿ, ಮೇಲ್ವಿಚಾರಕರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಈ ಪ್ರಶ್ನೋತ್ತರ.

ಮೊದಲ ಸಲ ಖುಷಿಯಿಂದ ಬಂದವರು ಎರಡನೆಯ ಸಲ ಯಾಕೆ ಬರುವುದಿಲ್ಲ?

ದಾಖಲೆಯಲ್ಲಿ ಸಾಮಾನ್ಯವಾಗಿ "ಆಸಕ್ತಿ ಇಲ್ಲ" ಎಂದು ಬರೆದಿರುತ್ತದೆ. ಬರೆದವರಿಗೆ ಅದು ಸುಲಭ, ಅಷ್ಟೇ. ಒಳಗೆ ಇಳಿದು ಕೇಳಿದರೆ ಬೇರೆ ಬೇರೆ ಸಂಗತಿ ಸಿಗುತ್ತವೆ. ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿದ್ದಾರೆ. ರೀಚಾರ್ಜ್ ಮುಗಿದು ಫೋನಿಗೆ ಒಳಬರುವ ಕರೆಯೂ ನಿಂತಿದೆ. ಫೋನನ್ನೇ ಮಾರಿದ್ದಾರೆ. ಹಿಂದಿನ ಸಲ ನಿಮ್ಮ ಜೀಪು ಮನೆ ಮುಂದೆ ನಿಂತದ್ದನ್ನು ಓಣಿಯವರು ನೋಡಿ ಪ್ರಶ್ನೆ ಮಾಡಿದ್ದಾರೆ. ರಕ್ತ ತೆಗೆದುಕೊಂಡು ಹೋದವರು ಫಲಿತಾಂಶ ಹೇಳಲೇ ಇಲ್ಲ ಎಂಬ ಸಿಟ್ಟಿದೆ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಗುಂಪಿದೆ: ನಶೆ ಬಿಟ್ಟವರು. ಅವರಿಗೆ ಆ ಮಾತನ್ನೇ ಮತ್ತೆ ಎತ್ತುವುದು ಬೇಡವಾಗಿರುತ್ತದೆ, "ನಾ ಈಗ ಬಿಟ್ಟೇನ್ರಿ, ನನ್ನ ಯಾಕ ಕೇಳ್ತೀರಿ" ಎನ್ನುತ್ತಾರೆ. ಆದ್ದರಿಂದ ಮೊದಲ ದಿನವೇ ಸ್ಪಷ್ಟವಾಗಿ ಹೇಳಿಡಿ: ಬಿಟ್ಟರೂ, ಹೆಚ್ಚಾದರೂ, ಹಾಗೇ ಇದ್ದರೂ ಅಧ್ಯಯನಕ್ಕೆ ನೀವು ಅಷ್ಟೇ ಮುಖ್ಯ. ಇದನ್ನು ಹೇಳದೆ ಹೋದರೆ ಗುಣವಾದವರೂ ತೀರ ಹದಗೆಟ್ಟವರೂ ಎರಡೂ ತುದಿಯಿಂದ ಉದುರಿ, ನಡುವಿನವರಷ್ಟೇ ಉಳಿಯುತ್ತಾರೆ.

ವಿಳಾಸ ಹಾಳೆಯಲ್ಲಿ ಏನೇನು ಬರೆದುಕೊಳ್ಳಬೇಕು?

ಮುಂದಿನ ಭೇಟಿ ಆಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮೊದಲ ದಿನ ತುಂಬುವ ಈ ಒಂದು ಹಾಳೆಯ ಮೇಲೆ ನಿಂತಿದೆ. ಪ್ರಶ್ನಾವಳಿಗೆ ಒಂದೂವರೆ ಗಂಟೆ ಕೊಟ್ಟು ಇದಕ್ಕೆ ಐದು ನಿಮಿಷ ಕೊಡುವುದು ಎಲ್ಲ ಕಡೆ ನಡೆಯುವ ತಪ್ಪು. ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಪ್ರಶ್ನಾವಳಿ ಮುಗಿದು ವ್ಯಕ್ತಿ ದಣಿದ ಮೇಲೆ ಇದನ್ನು ಕೈಗೆತ್ತಿಕೊಳ್ಳಬೇಡಿ. ಒಪ್ಪಿಗೆ ಪಡೆದ ಕೂಡಲೇ ತುಂಬಿ.

ಮೊದಲು ಹೆಸರು. ಆಧಾರ್‌ನಲ್ಲಿರುವ ಹೆಸರು, ಊರಲ್ಲಿ ಕರೆಯುವ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಓಣಿ. ನಮ್ಮ ಕಡೆ ಅಡ್ಡಹೆಸರೊಂದೇ ಸಾಲುವುದಿಲ್ಲ. ಒಂದೇ ಊರಲ್ಲಿ ಹತ್ತಾರು ಹೊಸಮನಿ, ಹತ್ತಾರು ತಳವಾರ ಮನೆಗಳಿರುತ್ತವೆ, ಪ್ರತಿ ಮನೆಯಲ್ಲೂ ಒಬ್ಬ ಬಸವರಾಜ. ಕೆಲವರಿಗೆ ಊರವರು ಇಟ್ಟ ಹೆಸರಿನಲ್ಲೇ ಬೈಗುಳ ಸೇರಿರುತ್ತದೆ. ಅಂಥ ಹೆಸರು ಹಿಡಿದು ಓಣಿಯಲ್ಲಿ ವಿಚಾರಿಸಬೇಡಿ, "ನಿಮ್ಮನ್ನು ಹುಡುಕಿಕೊಂಡು ಬಂದರೆ ಯಾವ ಹೆಸರಿನಿಂದ ಕೇಳಲಿ?" ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.

ಆಮೇಲೆ ಮನೆಗೆ ದಾರಿ. ಬಸ್ ಇಳಿದ ಜಾಗದಿಂದ ಮನೆಯವರೆಗೆ ಅವರ ಕೈಯಿಂದಲೇ ಒಂದು ನಕ್ಷೆ ಗೀಚಿಸಿ: ಹನುಮಪ್ಪನ ಗುಡಿ, ಹಿಟ್ಟಿನ ಗಿರಣಿ, ನೀರಿನ ಟ್ಯಾಂಕು, ಕಿರಾಣಿ ಅಂಗಡಿ. ಹೊಲದ ಮನೆಯಲ್ಲಿ ಮಲಗುವ ರೂಢಿ ಇದ್ದರೆ ಆ ದಾರಿಯೂ ಬೇಕು.

ಫೋನ್ ನಂಬರು ಬರೆದುಕೊಂಡು ಸುಮ್ಮನಾಗಬೇಡಿ. ಎದುರಿಗೆ ಕೂತಿರುವಾಗಲೇ ಒಂದು ಮಿಸ್ ಕಾಲ್ ಕೊಟ್ಟು ಗಂಟೆ ಬಾರಿಸುತ್ತದೆಯೇ ನೋಡಿ. ಒಂದಂಕಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಫೋನ್ ಯಾರದು, ಹಗಲು ಯಾರ ಕೈಯಲ್ಲಿರುತ್ತದೆ, ಯಾವ ಹೊತ್ತಿಗೆ ಮಾಡಿದರೆ ಒಬ್ಬರೇ ಇರುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಬಿಡಬೇಡಿ.

ಕೊನೆಗೆ ಸಂಪರ್ಕದ ಮೂವರು. ಒಬ್ಬರು ಊರು ಬಿಡದವರು: ತಾಯಿ, ಅಜ್ಜಿ, ಅಥವಾ ಬೇರೆ ಊರಿಗೆ ಕೊಟ್ಟ ಅಕ್ಕ. ಅಣ್ಣತಮ್ಮಂದಿರೊಡನೆ ಮಾತು ಬಿಟ್ಟವರೂ ಅಕ್ಕನಿಗೆ ಮಾತ್ರ ತಾನೆಲ್ಲಿದ್ದೇನೆಂದು ತಿಳಿಸಿರುವುದು ಸಾಮಾನ್ಯ. ಇನ್ನೊಬ್ಬರು ಜೊತೆಗೆ ದುಡಿಯಲು ಹೋಗುವ ಗೆಳೆಯ. ಮತ್ತೊಬ್ಬರು ದಿನಾ ಕಾಣುವ ಜಾಗದವರು: ಚಹಾದಂಗಡಿ, ಕಟಿಂಗ್ ಅಂಗಡಿ. ಪ್ರತಿಯೊಬ್ಬರ ಹೆಸರಿನ ಮುಂದೆ ಎರಡು ಗುರುತು ಬೇಕು: ಇವರಿಗೆ ನಿಮ್ಮ ನಶೆಯ ವಿಷಯ ಗೊತ್ತೇ? ಇವರನ್ನು ಕೇಳಲು ನಿಮ್ಮ ಒಪ್ಪಿಗೆ ಇದೆಯೇ? "ಅವ್ವಗ ಕೇಳ್ರಿ, ಹೆಂಡತಿಗೆ ಬ್ಯಾಡ್ರಿ" ಎಂದರೆ ಹಾಗೆಯೇ ಬರೆದು ಹಾಗೆಯೇ ನಡೆಯಿರಿ. ಮೇಸ್ತ್ರಿಯ ನಂಬರನ್ನು ನೀವಾಗಿ ಕೇಳದಿರುವುದು ಒಳ್ಳೆಯದು. ಅನುಮಾನ ಬಂದರೆ ಮೇಸ್ತ್ರಿ ಮರುದಿನ ಕೆಲಸಕ್ಕೆ ಕರೆಯುವುದಿಲ್ಲ.

ಪ್ರತಿ ಭೇಟಿಯಲ್ಲೂ ಹಳೆಯ ಹಾಳೆ ಓದಿ ಹೇಳಿ ತಿದ್ದಿಸಿ. "ಏನಾದರೂ ಬದಲಾಗಿದೆಯಾ?" ಎಂದರೆ "ಇಲ್ರಿ" ಎಂದೇ ಉತ್ತರ ಬರುತ್ತದೆ. ಒಂದೊಂದೇ ಸಾಲು ಓದಿದರೆ ಮಾತ್ರ ಬದಲಾದದ್ದು ನೆನಪಾಗುತ್ತದೆ.

ಭೇಟಿಗಳನ್ನು ಯಾವ ತಿಂಗಳಲ್ಲಿ ಇಟ್ಟುಕೊಳ್ಳಬೇಕು?

ಕಂಪ್ಯೂಟರು ಲೆಕ್ಕ ಹಾಕಿದ "180ನೇ ದಿನ" ಊರಿನ ಪಂಚಾಂಗದಲ್ಲಿ ಎಲ್ಲಿ ಬೀಳುತ್ತದೆ ನೋಡಿ. ನವಲಗುಂದ, ನರಗುಂದ, ರೋಣದ ಎರೆ ಹೊಲಗಳಲ್ಲಿ ಮುಂಗಾರಿ ಹೆಸರು ಆಗಸ್ಟ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿಂಗಾರಿ ಜೋಳ, ಕಡಲೆಯ ಬಿತ್ತನೆ. ಹಾವೇರಿ ಕಡೆ ಗೋವಿನಜೋಳ ಅಕ್ಟೋಬರ್, ನವೆಂಬರಿನಲ್ಲಿ. ಹತ್ತಿ ಬಿಡಿಸುವುದು ಅದರ ಬೆನ್ನಿಗೇ. ವರ್ಷದ ಮೊದಲ ತಿಂಗಳುಗಳಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಭರಾಟೆ. ಆಗ ಮಾರುಕಟ್ಟೆ ದಿನಗಳಾದ ಸೋಮವಾರ, ಗುರುವಾರ ಹಮಾಲರನ್ನು ಕರೆಯುವುದು ವ್ಯರ್ಥ.

ಒಣ ಬೇಸಾಯದ ಊರುಗಳಿಂದ ಹಿಂಗಾರಿ ಬಿತ್ತನೆ ಮುಗಿಯುತ್ತಿದ್ದಂತೆ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಶುರು. ಗುಳೆ ಹೋದವರು ಮರಳುವುದು ಯುಗಾದಿಗೆ, ಊರ ಜಾತ್ರೆಗೆ, ಮಳೆಗಾಲದ ಬಿತ್ತನೆಗೆ, ಪಂಚಮಿಗೆ, ದೀಪಾವಳಿಗೆ. ಮೊಹರಂ ದೊಡ್ಡದಾಗಿ ಆಗುವ ಊರುಗಳಲ್ಲಿ ಅದಕ್ಕೂ ಎಲ್ಲ ಜಾತಿಯವರೂ ಬರುತ್ತಾರೆ. ಹಬ್ಬದ ದಿನವೇ ಕರೆಯಬೇಡಿ. ಹಬ್ಬದ ಮರುದಿನದಿಂದ ಅವರು ಬಸ್ ಹತ್ತುವವರೆಗಿನ ಮೂರು ನಾಲ್ಕು ದಿನ ನಿಮ್ಮದು. ಜಾತ್ರೆಯ ದಿನಾಂಕಗಳನ್ನು ಹಳ್ಳಿವಾರು ಗೋಡೆಯ ಮೇಲೆ ಅಂಟಿಸಿಕೊಂಡ ತಂಡಕ್ಕೂ ಅಂಟಿಸಿಕೊಳ್ಳದ ತಂಡಕ್ಕೂ ಕೆಲಸದಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ.

ಇದಕ್ಕೆ ಅವಕಾಶ ಇರಬೇಕೆಂದರೆ ಯೋಜನೆ ಬರೆಯುವಾಗಲೇ ಭೇಟಿಯ ಕಾಲಮಿತಿಯನ್ನು ಅಗಲವಾಗಿಡಬೇಕು. ಆರು ತಿಂಗಳ ಭೇಟಿಗೆ ಹಿಂದೆ ಮುಂದೆ ಏಳು ದಿನ ಎಂದರೆ ಗುಳೆ ಹೋಗುವವರು ಲೆಕ್ಕಕ್ಕೆ ಸಿಗುವುದಿಲ್ಲ. ಮೂವತ್ತು ದಿನ ಇಟ್ಟರೆ ಒಂದು ಹಬ್ಬವಾದರೂ ಒಳಗೆ ಬರುವ ಸಾಧ್ಯತೆ ಹೆಚ್ಚು. ಊರಲ್ಲಿ ಸಿಗದವರಿಗೆ ಫೋನಿನಲ್ಲೇ ಕೇಳುವ ಚಿಕ್ಕ ಪ್ರಶ್ನಾವಳಿಗೂ, ಹದಿನೈದು ನಿಮಿಷ ಮೀರದಂತೆ, ಮೊದಲೇ ಅನುಮತಿ ಪಡೆದಿಡಿ.

ಫೋನನ್ನು ಮನೆಯವರು ಎತ್ತಿದರೆ ಏನು ಹೇಳಬೇಕು?

ನಿಜವನ್ನೇ ಹೇಳಬೇಕು, ಆದರೆ ಬೇಕಾದಷ್ಟೇ. ಆ ಕಾರಣಕ್ಕೆ ಅಧ್ಯಯನಕ್ಕೆ ಎರಡು ಹೆಸರು ಇರಲಿ: ಕಾಗದಪತ್ರದಲ್ಲಿ ಪೂರ್ತಿ ಹೆಸರು, ಊರಲ್ಲಿ "ಆರೋಗ್ಯ ಸರ್ವೇ" ಎಂಬಂಥ ನಿಜವೂ ಆದ, ಗುಟ್ಟೂ ಬಿಡದ ಹೆಸರು. ಬಾಯಿಪಾಠ ಮಾಡಿಸಬೇಕಾದ ಮಾತು ಹೀಗಿರಬಹುದು:

"ನಮಸ್ಕಾರ್ರೀ ಅಕ್ಕಾರ, ಹುಬ್ಬಳ್ಳಿಯಿಂದ ಆರೋಗ್ಯ ಸರ್ವೇದವರು ಮಾತಾಡಾಕತ್ತೀವ್ರಿ. ಮಾರುತಿ ಅಣ್ಣಾರು ಅದಾರೇನ್ರಿ?"

"ಇಲ್ರಿ, ಹೊಲಕ್ಕ ಹೋಗ್ಯಾರ. ಏನ್ ಕೆಲಸಿತ್ತು?"

"ಸರ್ವೇದಾಗ ಅವರ ಹೆಸರು ಐತ್ರಿ, ಮುಂದಿನ ತಾರೀಖ ಹೇಳೂದಿತ್ತು. ಬಂದಮ್ಯಾಲೆ ಈ ನಂಬರಿಗೆ ಒಂದ್ ಮಿಸ್ ಕಾಲ್ ಕೊಡಾಕ ಹೇಳ್ರಿ."

"ಯಾವುದರ ಸರ್ವೇರಿ? ನನ್ನ ಹೆಸರಿಲ್ಲೇನು?"

"ಕೆಲವರನ್ನಷ್ಟ ಕೇಳಾಕತ್ತೀವ್ರಿ. ಯಾರ ಮಾಹಿತೀನೂ ಬ್ಯಾರೇರಿಗೆ ಹೇಳೂದಿಲ್ರಿ ಅಕ್ಕಾರ, ನಿಮ್ಮ ಹೆಸರಿದ್ರೂ ಹಂಗs ಮಾಡ್ತಿದ್ವಿ."

ಇಷ್ಟಕ್ಕೆ ನಿಲ್ಲಿಸಿ. ಸಕ್ಕರೆ ಕಾಯಿಲೆಯ ಸರ್ವೇ ಎಂದು ಸುಳ್ಳು ಕಟ್ಟಿದರೆ ಸಂಜೆ ಗಂಡ ಹೆಂಡತಿಯ ಮಾತಿನಲ್ಲಿ ಅದು ಬಯಲಾಗುತ್ತದೆ. ಆಮೇಲೆ ನಿಮ್ಮನ್ನು ಆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಯಾರ ಧ್ವನಿ ಎಂಬುದೂ ಮುಖ್ಯ. ಮದುವೆಯಾದ ಗಂಡಸಿಗೆ ಅಪರಿಚಿತ ಹೆಣ್ಣು ಮಗಳು ಸಂಜೆ ಫೋನ್ ಮಾಡಿದರೆ ಮನೆಯಲ್ಲಿ ಬೇರೆಯದೇ ಜಗಳ ಏಳುತ್ತದೆ, ಹೆಂಗಸರಿಗೆ ಗಂಡು ಧ್ವನಿಯಿಂದ ಕರೆ ಬಂದರಂತೂ ಕೇಳಲೇಬೇಡಿ. "ಯಾರು ಫೋನ್ ಮಾಡಿದರೆ ಅಡ್ಡಿಯಿಲ್ಲ?" ಎಂದು ವಿಳಾಸ ಹಾಳೆಯಲ್ಲೇ ಕೇಳಿ ಬರೆದಿಡಿ.

ಅಧ್ಯಯನದ ಫೋನನ್ನೂ ಒಮ್ಮೆ ಪರೀಕ್ಷಿಸಿ. ಟ್ರೂಕಾಲರ್‌ನಲ್ಲಿ ಆ ನಂಬರು ಯಾವ ಹೆಸರಿನಲ್ಲಿ ಕಾಣುತ್ತಿದೆ? ಯಾರೋ ಒಬ್ಬರು "ಡ್ರಗ್ಸ್ ಸರ್ವೇ" ಎಂದು ಉಳಿಸಿಕೊಂಡಿದ್ದರೆ ಅದೇ ಹೆಸರು ಊರೆಲ್ಲರ ಫೋನಿನಲ್ಲಿ ಮಿನುಗಬಹುದು. ವಾಟ್ಸಾಪ್ ಚಿತ್ರದಲ್ಲಿ ಆಸ್ಪತ್ರೆಯ ಬೋರ್ಡು ಬೇಡ. ಸಂದೇಶದಲ್ಲಿ ತಾರೀಖು, ಜಾಗ ಬಿಟ್ಟು ಬೇರೇನೂ ಇರಬಾರದು, ಬೀಗ ಹಾಕಿದ ಪರದೆಯ ಮೇಲೂ ಮೊದಲ ಸಾಲು ಕಾಣುತ್ತದೆ.

ಎಷ್ಟು ಸಲ ಫೋನ್ ಮಾಡಬೇಕು? ಎಲ್ಲಿ ನಿಲ್ಲಿಸಬೇಕು?

ಭೇಟಿಗಳ ನಡುವೆ ತಿಂಗಳಿಗೊಂದು ಎರಡು ಮೂರು ನಿಮಿಷದ ಮಾತು ಸಾಕು, ಕ್ಷೇಮ ಕೇಳಿ ನಂಬರು ಖಾತ್ರಿ ಮಾಡಿಕೊಳ್ಳಲು. ಭೇಟಿಗೆ ತಿಂಗಳಿರುವಾಗ ಒಮ್ಮೆ, ವಾರವಿರುವಾಗ, ಹಿಂದಿನ ದಿನ, ಆ ದಿನ ಬೆಳಿಗ್ಗೆ. ಬಾರದಿದ್ದರೆ ಅದೇ ಸಂಜೆ ಬೇಸರವಿಲ್ಲದ ದನಿಯಲ್ಲಿ ಹೊಸ ದಿನ ಕೊಡಿ. ಸಂಪರ್ಕದ ಮೂವರನ್ನು ಕೇಳುವುದು ವಾರ ಕಳೆದ ಮೇಲೆ. ಮನೆಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ, ಅದೂ ಒಪ್ಪಿಗೆ ಇದ್ದರೆ. ಪ್ರತಿ ಪ್ರಯತ್ನಕ್ಕೂ ದಿನಾಂಕ, ಹೊತ್ತು, ಯಾರು ಮಾತಾಡಿದರು ಎಂಬ ದಾಖಲೆ ಇರಲಿ. ಸದಾ ಬೆಳಿಗ್ಗೆ ಹತ್ತು ಗಂಟೆಗೇ ಆರು ಸಲ ಮಾಡಿ "ಸಿಗಲಿಲ್ಲ" ಎಂದಿರುವುದು ಆ ದಾಖಲೆಯಿಂದಲೇ ಬಯಲಾಗುತ್ತದೆ. ಹೊಲದಿಂದ ಬರುವ ಸಂಜೆ ಏಳರ ಹೊತ್ತು ಯಾರೂ ಪ್ರಯತ್ನಿಸಿಯೇ ಇರುವುದಿಲ್ಲ.

ನಿಲ್ಲಿಸುವ ಗೆರೆಯನ್ನು, ಉದಾಹರಣೆಗೆ ಒಂದು ಭೇಟಿಗೆ ಒಟ್ಟು ಹತ್ತು ಪ್ರಯತ್ನ ಎಂದು, ಮೊದಲೇ ಬರೆದು ಎಥಿಕ್ಸ್ ಕಮಿಟಿಗೆ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿ) ಕೊಟ್ಟಿರಿ. ಇನ್ನೊಂದು ಮಾತು. ನಮ್ಮ ಕಡೆ ಮುಖಕ್ಕೆ "ಒಲ್ಲೆ" ಎನ್ನುವವರು ಕಡಿಮೆ. "ನಾಳೆ ಬರ್ತೇನ್ರಿ", "ನೋಡೂಣ್ರಿ" ಎಂದು ಮೂರು ಸಲ ಬಂದರೆ ಅದು ಬೇಡ ಎಂಬ ಮಾತೇ ಆಗಿರಬಹುದು. ಆಗ ನೇರವಾಗಿ ದಾರಿ ಬಿಡಿ: "ಅಣ್ಣಾರ, ಮನಸ್ಸಿಲ್ಲಂದ್ರ ಹಂಗs ಹೇಳ್ರಿ, ಏನೂ ತಪ್ಪಿಲ್ಲ, ನಿಮ್ಮ ದವಾಖಾನಿ ಕೆಲಸಕ್ಕೂ ಇದಕ್ಕೂ ಸಂಬಂಧಿಲ್ಲ." ಹೀಗೆ ಬಾಗಿಲು ತೆರೆದಿಟ್ಟಾಗ ಕೆಲವರು ಹೋಗುತ್ತಾರೆ, ಕೆಲವರು ನಿರಾಳವಾಗಿ ಉಳಿಯುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯ ಪ್ರಕಾರ ಯಾವಾಗ ಬೇಕಾದರೂ ಹೊರಬರುವುದು ಅವರ ಹಕ್ಕು. ಉಳಿಸಿಕೊಳ್ಳುವ ಆತುರದಲ್ಲಿ ಅದನ್ನು ಸವೆಸಬಾರದು.

ಎಲ್ಲಿ ಭೇಟಿಯಾಗುವುದು ಒಳ್ಳೆಯದು?

ಅವರ ಊರಿನಲ್ಲೇ ಎಂಬುದು ಮೊದಲ ಯೋಚನೆ, ಆದರೆ ಅಲ್ಲಿ ಗುಟ್ಟು ಉಳಿಯುವುದು ಕಷ್ಟ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತರೆ ಅರ್ಧ ಊರು ಬಂದು ಹೋಗುತ್ತದೆ. ಸಂತೆಯ ದಿನ ತಾಲೂಕು ಊರು ಅನುಕೂಲ: ಯಾಕೆ ಹೋದೆ ಎಂದು ಯಾರೂ ಕೇಳುವುದಿಲ್ಲ, ಬಸ್ಸೂ ಟಂಟಮ್ಮೂ ಹೆಚ್ಚು. ತಾಲೂಕು ಆಸ್ಪತ್ರೆಯಲ್ಲಿ ಬೇರೆ ಬಾಗಿಲಿರುವ ಒಂದು ಕೋಣೆ, ಬಾಗಿಲ ಮೇಲೆ ಕೇವಲ ಕೋಣೆ ಸಂಖ್ಯೆ. ಮರಳುವ ಕೊನೆಯ ಬಸ್ ಎಷ್ಟಕ್ಕೆ ಎಂದು ಮೊದಲು ಕೇಳಿಕೊಂಡು ಆಮೇಲೆ ಪ್ರಶ್ನೆ ಶುರು ಮಾಡಿ. ವಸ್ತಿ ಬಸ್ಸೊಂದೇ ಇರುವ ಊರಿನವರನ್ನು ಮಧ್ಯಾಹ್ನ ಕರೆದರೆ ಅವರು ರಾತ್ರಿ ಮನೆ ಸೇರುತ್ತಾರೆ, ಮುಂದಿನ ಸಲ ಬರುವುದಿಲ್ಲ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆಸುವ ಮುನ್ನ ಯೋಚಿಸಿ. ಅಲ್ಲಿನ ಚಿಕಿತ್ಸೆ ಬೇಕಾದವರಿಗೆ ಬೇಕೇ ಬೇಕು. ಆದರೆ "ಹುಚ್ಚರ ದವಾಖಾನಿ" ಎಂಬ ಹಳೆಯ ಮಾತು ಜನರ ಬಾಯಿಂದ ಇನ್ನೂ ಹೋಗಿಲ್ಲ, ಬರೀ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿಯವರೆಗೆ ಬಾ ಎಂದರೆ ಹಿಂಜರಿಯುತ್ತಾರೆ.

ಹಣ ಕೊಡುವುದು ಸರಿಯೇ? ಅದರಿಂದಲೇ ನಶೆ ಮಾಡಿದರೆ?

ದಿನದ ಪಗಾರ ಬಿಟ್ಟು ಬಂದವರಿಗೆ ಆ ನಷ್ಟ ತುಂಬಿಕೊಡುವುದು ನ್ಯಾಯ. ರಕ್ತದೊತ್ತಡದ ಅಧ್ಯಯನಕ್ಕೆ ಬಂದವರಿಗೆ ನಗದು ಕೊಟ್ಟು, ಇವರಿಗೆ ಮಾತ್ರ ಬಿಸ್ಕಿಟ್ ಪೊಟ್ಟಣ ಕೊಟ್ಟರೆ ಅದು ಅವಮಾನ, ಅವರು ಅದನ್ನು ಹಾಗೆಯೇ ಗ್ರಹಿಸುತ್ತಾರೆ. ಹಣವನ್ನು ಏನು ಮಾಡುತ್ತಾರೆಂಬ ಚಿಂತೆ ಇದ್ದರೆ ಮೊತ್ತವನ್ನು ಪಗಾರದ ಅಳತೆಯಲ್ಲಿಡಿ. ಲೆಕ್ಕ ಹೀಗೆ ಮಾಡಬಹುದು: ಊರಲ್ಲಿ ಗಂಡಾಳಿನ ದಿನಗೂಲಿ 500 ಎಂದಿಟ್ಟುಕೊಳ್ಳಿ. ಅರ್ಧ ದಿನಕ್ಕೆ 250, ಬಸ್ಸಿಗೆ ಹೋಗಿಬರಲು 60, ಊಟ ಚಹಾಕ್ಕೆ 70. ಒಟ್ಟು 380. ಇದನ್ನು ಒಂದೇ ಸಲಕ್ಕೆ ಸಾವಿರಕ್ಕೇರಿಸಿದರೆ ಅದು ಆಮಿಷವಾಗುತ್ತದೆ, ಎಥಿಕ್ಸ್ ಕಮಿಟಿಯೂ ಒಪ್ಪುವುದಿಲ್ಲ. ಭೇಟಿಯಿಂದ ಭೇಟಿಗೆ ಸ್ವಲ್ಪ ಸ್ವಲ್ಪ ಏರಿಸುವುದುಂಟು, ಆದರೆ ಎಲ್ಲವನ್ನೂ ಕೊನೆಗೆ ಕೂಡಿಟ್ಟು ಕೊಡುತ್ತೇವೆ ಎನ್ನಬೇಡಿ. ನಡುವೆ ಬಿಟ್ಟವರ ದುಡಿಮೆ ಮುಳುಗಿದಂತಾಗುತ್ತದೆ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ಹಾಗೆಂದು ಅವರ ಮೊತ್ತ ಕಡಿತ ಮಾಡುವ ಮೇಲ್ವಿಚಾರಕರಿದ್ದಾರೆ. ಬಸ್ ನಿಲ್ದಾಣದವರೆಗಿನ ಟಂಟಂ ಉಚಿತವಲ್ಲ, ಕಳೆದುಕೊಂಡ ಕೂಲಿಯೂ ಉಚಿತವಲ್ಲ.

ನಗದೋ ಯುಪಿಐಯೋ ಎಂದರೆ, ಹಳ್ಳಿಯಲ್ಲಿ ನಗದು. ಖಾತೆಗೆ ಹಾಕಿದರೆ ಬ್ಯಾಂಕಿನ ಸಂದೇಶ ಅಣ್ಣನ ಫೋನಿಗೆ ಹೋಗುತ್ತದೆ, ಕಳುಹಿಸಿದ ಸಂಸ್ಥೆಯ ಹೆಸರು ಅದರಲ್ಲಿರುತ್ತದೆ. ಹಳೆಯ ಸಾಲದ ಕಂತಿಗೆ ಅಲ್ಲೇ ಮುರಿದುಕೊಳ್ಳುವುದೂ ಇದೆ. ನಗದು ಕೊಟ್ಟದ್ದಕ್ಕೆ ರಸೀದಿಯಲ್ಲಿ ಅಧ್ಯಯನ ಸಂಖ್ಯೆಯಷ್ಟೇ ಇರಲಿ. ಸಂಸ್ಥೆಯ ಲೆಕ್ಕಪತ್ರ ವಿಭಾಗ ಹೆಸರು, ಆಧಾರ್ ಬೇಕೆಂದು ಹಟ ಹಿಡಿಯುತ್ತದೆ, ಆದ್ದರಿಂದ ಅನುದಾನ ಬಂದ ತಿಂಗಳೇ ಅವರೊಂದಿಗೆ ಈ ಮಾತು ಮುಗಿಸಿಕೊಳ್ಳಿ. ಕ್ಷೇತ್ರಕ್ಕೆ ಇಳಿದ ಮೇಲೆ ಹಣ ತಡವಾದರೆ, "ನಾಳೆ ಕೊಡ್ತೀವಿ" ಎಂದು ಒಮ್ಮೆ ಹೇಳಿದರೆ, ಸುದ್ದಿ ಸಂಜೆಯೊಳಗೆ ಕಟ್ಟೆ ಮುಟ್ಟುತ್ತದೆ.

ಅಮಲಿನಲ್ಲೇ ಬಂದರೆ? ಅಥವಾ ನಡುಗುತ್ತಾ ಬಂದರೆ?

ಎರಡೂ ಬೇರೆ. ನಾಲಗೆ ತೊದಲುತ್ತಿದ್ದರೆ, ತೂಕಡಿಸುತ್ತಿದ್ದರೆ ಒಪ್ಪಿಗೆಯನ್ನೂ ಉತ್ತರವನ್ನೂ ತೆಗೆದುಕೊಳ್ಳಬೇಡಿ. ಬಸ್ ಖರ್ಚು ಕೊಟ್ಟು, ಚಹಾ ಕುಡಿಸಿ, ಎರಡು ಮೂರು ದಿನದೊಳಗೆ ಬೇರೆ ದಿನ ಗೊತ್ತು ಮಾಡಿ. ನಾಲ್ಕು ಜನರೆದುರು "ಕುಡಿದು ಬಂದೀರಿ" ಎಂದರೆ ಅದೇ ಕೊನೆಯ ಭೇಟಿ. ದಿನವೂ ಬಳಸುವವರು ಪೂರ್ತಿ ಬಿಟ್ಟೇ ಬರಬೇಕೆಂಬ ನಿಯಮವೂ ತಪ್ಪು. ಮಾತು ತಿಳಿದು, ತಿಳಿದದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವಷ್ಟು ಸ್ಥಿಮಿತ ಇದ್ದರೆ ಸಾಕು.

ನಡುಕ, ಬೆವರು, ಎದೆಬಡಿತ ಇದ್ದರೆ ಅದು ನಶೆ ಇಳಿದಾಗಿನ ತೊಂದರೆ. ಸಾರಾಯಿ ನಿಲ್ಲಿಸಿದವರಲ್ಲಿ ನಡುಕ ಆರರಿಂದ ಹನ್ನೆರಡು ಗಂಟೆಯೊಳಗೆ ಶುರುವಾಗಬಹುದು. ಫಿಟ್ಸ್ ಸಾಮಾನ್ಯವಾಗಿ ಮೊದಲ 48 ಗಂಟೆಯಲ್ಲಿ, ದಿಕ್ಕುತಪ್ಪಿ ಇಲ್ಲದ್ದು ಕಾಣುವ ಸ್ಥಿತಿ ಎರಡರಿಂದ ನಾಲ್ಕನೆಯ ದಿನದಲ್ಲಿ. ಇದರಲ್ಲಿ ಜೀವ ಹೋಗುತ್ತದೆ. ಅವರನ್ನು ಬಸ್ಸಿಗೆ ಹತ್ತಿಸಿ ಕಳಿಸಬೇಡಿ; 108ಕ್ಕೆ ಕರೆ ಮಾಡಿ, ಹತ್ತಿರದ ತಾಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಜೊತೆಗೆ ಹೋಗಿ. ಟ್ರಮಡಾಲ್ ಎಂಬ ನೋವಿನ ಗುಳಿಗೆ ಹೆಚ್ಚು ನುಂಗುವವರಲ್ಲಿ ಗುಳಿಗೆಯಿಂದಲೇ ಫಿಟ್ಸ್ ಬರುವುದೂ ಉಂಟು. "ಗಾಂಜಾ ಅಷ್ಟ ರೀ" ಎಂದವರಿಗೂ ಗುಳಿಗೆಯ ಬಗ್ಗೆ ಪ್ರತ್ಯೇಕವಾಗಿ ಕೇಳಿ. ದವಾಖಾನೆಯವರೇ ಬರೆದುಕೊಟ್ಟದ್ದು ಎಂಬ ಕಾರಣಕ್ಕೆ ಗುಳಿಗೆಯನ್ನು ಅವರು ನಶೆಯ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಸಲಹೆ ಬೇಕೆಂದವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಇವೆ. ಚೀಟಿಯಲ್ಲಿ ಸಂಖ್ಯೆ ಮಾತ್ರ ಬರೆದುಕೊಡಿ, ಶೀರ್ಷಿಕೆ ಬೇಡ.

ಪೊಲೀಸರು ಕೇಳಿದರೆ? ನಾವು ಎಷ್ಟರ ಮಟ್ಟಿಗೆ ಭರವಸೆ ಕೊಡಬಹುದು?

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಬಳಕೆಯೇ ಅಪರಾಧ: ಹೆರಾಯಿನ್, ಮಾರ್ಫಿನ್, ಕೊಕೇನಿನಂಥವಕ್ಕೆ ಒಂದು ವರ್ಷದವರೆಗೆ, ಉಳಿದವಕ್ಕೆ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. 64ಎ ಕಲಮು ತಾನಾಗಿ ಚಿಕಿತ್ಸೆಗೆ ಹೋದ ವ್ಯಸನಿಗೆ ರಕ್ಷಣೆ ಕೊಡುತ್ತದೆ, ಆದರೆ ಅದು ಸರ್ಕಾರ ಮಾನ್ಯ ಮಾಡಿದ ಚಿಕಿತ್ಸಾ ಕೇಂದ್ರಕ್ಕೆ ಸಂಬಂಧಿಸಿದ್ದು. ನಿಮ್ಮ ಪ್ರಶ್ನಾವಳಿಗೆ ಉತ್ತರ ಕೊಟ್ಟರೆ ಆ ರಕ್ಷಣೆ ಸಿಗುವುದಿಲ್ಲ. "ನಮ್ಮ ಅಧ್ಯಯನದಾಗ ಇದ್ರ ಪೊಲೀಸರು ಏನೂ ಮಾಡೂದಿಲ್ಲ" ಎಂದು ಯಾವ ಸಿಬ್ಬಂದಿಯೂ ಹೇಳಬಾರದು.

ಹೇಳಬಹುದಾದದ್ದು ಇಷ್ಟು: ನಾವಾಗಿ ಯಾರಿಗೂ ಕೊಡುವುದಿಲ್ಲ, ನ್ಯಾಯಾಲಯದ ಆದೇಶ ಬಂದರೆ ಕಾನೂನು ಪಾಲಿಸಬೇಕಾಗುತ್ತದೆ, ಅದಕ್ಕೇ ಅಪಾಯಕಾರಿ ವಿವರವನ್ನು ನಾವು ಬರೆದುಕೊಳ್ಳುವುದೇ ಇಲ್ಲ. ಇದು ನಿಜವಾಗಲು ಕೆಲಸ ಮಾಡಬೇಕು. ಎಲ್ಲಿ ಕೊಂಡಿರಿ, ಯಾರು ಮಾರಿದರು ಎಂಬ ಪ್ರಶ್ನೆಯೇ ಇರಬಾರದು. ತಾವಾಗಿ ಹೆಸರು ಹೇಳತೊಡಗಿದರೆ ಕೈಯೆತ್ತಿ ತಡೆಯಿರಿ. ಉತ್ತರದ ಹಾಳೆಯಲ್ಲಿ ಸಂಖ್ಯೆ ಮಾತ್ರ. ಸಂಖ್ಯೆಗೂ ಹೆಸರಿಗೂ ಕೊಂಡಿಯಾದ ಪಟ್ಟಿ ಬೇರೆ ಕಪಾಟಿನಲ್ಲಿ, ಬೇರೆ ಕೀಲಿಯಲ್ಲಿ. ವಿಳಾಸ ಹಾಳೆಯ ಫೋಟೋ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹೋಗುವುದೇ ಇವತ್ತು ಎಲ್ಲಕ್ಕಿಂತ ದೊಡ್ಡ ಸೋರಿಕೆ. ಹದಿನೆಂಟು ತುಂಬದವರ ವಿಷಯವೇ ಬೇರೆ: ಅವರ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಡಿ ತಿಳಿಸಲೇಬೇಕು. ಅದನ್ನು ಒಪ್ಪಿಗೆಯ ಮಾತಿನಲ್ಲೇ ಸೇರಿಸಿ.

ಆಶಾ ಕಾರ್ಯಕರ್ತೆಯರಿಂದ ಹುಡುಕಿಸಬಹುದೇ?

ಅವರಷ್ಟು ಊರು ಬಲ್ಲವರು ಇನ್ನೊಬ್ಬರಿಲ್ಲ, ಸಮಸ್ಯೆಯೂ ಅದೇ. ಆಶಾ ಅಕ್ಕ ಅದೇ ಓಣಿಯವರು, ನೆಂಟರು, ಬಹಳ ಸಲ ಆ ಮನೆಯ ಸೊಸೆಯ ಗೆಳತಿ. ಊರಲ್ಲಿ ಆರೋಗ್ಯ ಸರ್ವೇ ನಡೆಯುತ್ತದೆಂಬ ಸುದ್ದಿ ಹಬ್ಬಿಸಲು, ತಂಡವನ್ನು ಪರಿಚಯಿಸಲು ಅವರ ನೆರವು ಅಮೂಲ್ಯ. ಯಾರ ಯಾರ ಹೆಸರಿದೆ ಎಂಬ ಪಟ್ಟಿ ಮಾತ್ರ ಅವರ ಕೈಗೆ ಹೋಗಬಾರದು, ಭಾಗವಹಿಸಿದವರೇ "ಅಕ್ಕಾರಿಗೆ ಹೇಳ್ರಿ, ಅಡ್ಡಿಯಿಲ್ಲ" ಎಂದಿದ್ದರೆ ಹೊರತು. ಹುಡುಕುವ ಕೆಲಸಕ್ಕೆ ನಶೆಯ ಬದುಕು ಬಲ್ಲ, ಈಗ ಸ್ಥಿರವಾಗಿರುವ ಪಕ್ಕದ ತಾಲೂಕಿನವರು ಹೆಚ್ಚು ಒಗ್ಗುತ್ತಾರೆ. ಅವರಿಗೆ ಪಗಾರ ಕೊಡಿ, ಬರೀ ಚಹಾದಲ್ಲಿ ಮುಗಿಸಬೇಡಿ. ಹಳೆಯ ಜಾಗಗಳಿಗೆ ಒಬ್ಬರೇ ಹೋಗುವಂತೆ ಮಾಡಬೇಡಿ.

ಜೈಲಿಗೆ ಹೋದವರನ್ನು ಏನು ಮಾಡುವುದು?

ಎಥಿಕ್ಸ್ ಕಮಿಟಿಯ ಪ್ರತ್ಯೇಕ ಅನುಮತಿ ಮತ್ತು ಕಾರಾಗೃಹ ಇಲಾಖೆಯ ಅನುಮತಿ ಎರಡೂ ಇಲ್ಲದೆ ಒಳಗೆ ಸಂದರ್ಶನ ಬೇಡ. ಅಧಿಕಾರಿ ಪಕ್ಕದಲ್ಲಿ ನಿಂತು ಕೇಳುತ್ತಿದ್ದರೆ ಆ ಉತ್ತರಕ್ಕೆ ಬೆಲೆಯೂ ಇಲ್ಲ. ಬಿಡುಗಡೆಯ ದಿನಾಂಕ ತಿಳಿದುಕೊಂಡು ಆಮೇಲೆ ಭೇಟಿಯಾಗಿ, ಬೇಗ ಭೇಟಿಯಾಗಿ. ಒಳಗಿದ್ದಾಗ ದೇಹದ ತಾಳಿಕೆ ಇಳಿದಿರುತ್ತದೆ. ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತು ಸಾಯಬಹುದು. ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದವರಿಗೂ ಇದೇ ಅಪಾಯ. ಸೂಜಿ, ಗುಳಿಗೆ ಬಳಸುವವರಿಗೆ ಈ ಮಾತನ್ನು ಮೊದಲ ಭೇಟಿಯಲ್ಲೇ ಹೇಳಿಡಿ.

ರಕ್ತ ಪರೀಕ್ಷೆಯ ಫಲಿತಾಂಶ ಕೊಡಬೇಕೇ?

ಕೊಡಲೇಬೇಕು, ಅದೂ ಹೇಳಿದ ದಿನಕ್ಕೆ. ಜನ ಮತ್ತೆ ಬರಲು ಹಣಕ್ಕಿಂತ ಬಲವಾದ ಕಾರಣ ಇದು. ಎಚ್‌ಐವಿ ಫಲಿತಾಂಶವನ್ನು ಎದುರಿಗೆ, ಆಪ್ತಸಮಾಲೋಚನೆಯೊಂದಿಗೆ, ಅವರೊಬ್ಬರಿಗೇ. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಯುವುದನ್ನು ಕಾನೂನಾಗಿಯೇ ಮಾಡಿದೆ. ಹೆಪಟೈಟಿಸ್ ಸಿ ಕಂಡರೆ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಚಿಕಿತ್ಸೆ ಉಚಿತ. ಚೀಟಿ ಕೊಟ್ಟು ಕೈತೊಳೆದುಕೊಳ್ಳದೆ ಮೊದಲ ಸಲ ಜೊತೆಗೆ ಹೋಗಿ. ಸೂಜಿ ಬಳಸಿದವರ ನರ ಸಿಗುವುದು ಕಷ್ಟ. ಎಲ್ಲಿ ಸಿಗುತ್ತದೆಂದು ಅವರನ್ನೇ ಕೇಳಿ, ಎರಡು ಸಲ ಚುಚ್ಚಿ ಬಾರದಿದ್ದರೆ ನಿಲ್ಲಿಸಿ. ಬೆರಳ ತುದಿಯ ಹನಿಯನ್ನು ಕಾಗದದ ಮೇಲೆ ಒಣಗಿಸುವ ವಿಧಾನ ನಿಮ್ಮ ಪರೀಕ್ಷೆಗೆ ಸಾಲುವಂತಿದ್ದರೆ ಅದನ್ನೇ ಆರಿಸಿ.

ಎಷ್ಟು ಜನ ತಪ್ಪಿದರೆ ಅಧ್ಯಯನ ಕೆಡುತ್ತದೆ? ಹೊಸಬರನ್ನು ತುಂಬಿಕೊಳ್ಳಬಹುದೇ?

ತಪ್ಪಿದವರ ಸಂಖ್ಯೆಗಿಂತ ತಪ್ಪಿದವರು ಯಾರು ಎಂಬುದು ದೊಡ್ಡ ಪ್ರಶ್ನೆ. ಒಂದು ಕಾಲ್ಪನಿಕ ಲೆಕ್ಕ ನೋಡಿ. ನೂರು ಜನರಲ್ಲಿ 60 ಮಂದಿ ಕಡಿಮೆ ಬಳಸುವವರು, 40 ಮಂದಿ ಹೆಚ್ಚು ಬಳಸುವವರು. ಆರು ತಿಂಗಳಿಗೆ ಮೊದಲ ಗುಂಪಿನ 54, ಎರಡನೆಯದರ 20 ಮಂದಿ ಬಂದರು. ಬಂದ 74ರಲ್ಲಿ ಹೆಚ್ಚು ಬಳಸುವವರು ಶೇ 27. ಮೊದಲು ಶೇ 40 ಇತ್ತು. ಒಬ್ಬರ ಅಭ್ಯಾಸವೂ ಬದಲಾಗಿಲ್ಲ, ಆದರೂ ವರದಿಯಲ್ಲಿ "ನಶೆ ಇಳಿಯಿತು" ಎಂದಾಗುತ್ತದೆ. ಅದನ್ನು ನಂಬಿ ಒಂದು ಕಾರ್ಯಕ್ರಮ ನಡೆದರೆ ಮೋಸ ಹೋಗುವವರು ಆ ಬಾರದ 20 ಮಂದಿ.

ಹೊಸಬರನ್ನು ತುಂಬಿದರೆ ಈ ತಪ್ಪು ಮರೆಯಾಗುತ್ತದೆ, ಸರಿಹೋಗುವುದಿಲ್ಲ. ಮೊದಲೇ ಹೆಚ್ಚು ಜನರನ್ನು ಸೇರಿಸಿಕೊಳ್ಳಿ. ಕೊನೆಗೆ 200 ಮಂದಿ ಬೇಕು, ಕಾಲು ಭಾಗ ತಪ್ಪಬಹುದು ಎಂದಾದರೆ 200ಕ್ಕೆ 50 ಕೂಡಿಸುವುದು ತಪ್ಪು. 250ರಲ್ಲಿ ಕಾಲು ಭಾಗ ಹೋದರೆ ಉಳಿಯುವುದು 187. ಇನ್ನೂರನ್ನು 0.75ರಿಂದ ಭಾಗಿಸಿ, 267 ಬರುತ್ತದೆ. ವರದಿಯಲ್ಲಿ ಬಂದವರನ್ನೂ ಬಾರದವರನ್ನೂ ಮೊದಲ ದಿನದ ಮಾಹಿತಿಯ ಮೇಲೆ ಹೋಲಿಸಿದ ಕೋಷ್ಟಕ ಕಡ್ಡಾಯವಾಗಿರಲಿ. ತೀರಿಕೊಂಡವರು, ತಾವಾಗಿ ಹೊರಬಂದವರು, ಸಿಗದವರು: ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ತೀರಿಕೊಂಡಿದ್ದಾರೆಂದು ಮನೆಯವರು ಹೇಳಿದರೆ?

ಸಂತಾಪ ಹೇಳಿ ಫೋನ್ ಇಡಿ. ಕಾರಣ ಕೇಳಬೇಕಿದ್ದರೆ, ಅದಕ್ಕೆ ಅನುಮತಿ ಇದ್ದರೆ, ದಿನಕರ್ಮಗಳು ಮುಗಿದು ಕೆಲವು ವಾರ ಕಳೆಯಲಿ. ಮನೆಯವರಿಗೆ ಗೊತ್ತಿರದ ಗುಟ್ಟನ್ನು ಆಗಲೂ ಹೇಳಬೇಡಿ. ಭೇಟಿಯನ್ನು ನೆನಪಿಸುವ ಫೋನ್ ಮತ್ತೆ ಹೋಗದಂತೆ ಅದೇ ದಿನ ಪಟ್ಟಿಯಿಂದ ನಂಬರು ತೆಗೆಯಿರಿ.

ಅಧ್ಯಯನ ಮುಗಿದ ಮೇಲೆ ವಿಳಾಸ ಹಾಳೆಗಳನ್ನು ಏನು ಮಾಡಬೇಕು?

ಒಪ್ಪಿಗೆ ಪತ್ರದಲ್ಲಿ ಬರೆದ ದಿನಾಂಕಕ್ಕೆ ಸರಿಯಾಗಿ ನಾಶ ಮಾಡಬೇಕು. ರದ್ದಿಗೆ ಹಾಕಬೇಡಿ, ರದ್ದಿ ಕಾಗದ ಮಿರ್ಚಿ ಕಟ್ಟಿದ ಪೊಟ್ಟಣವಾಗಿ ಅದೇ ಊರಿಗೆ ಮರಳುತ್ತದೆ. ಸೀಳುವ ಯಂತ್ರ ಇಲ್ಲದಿದ್ದರೆ ಇಬ್ಬರು ಸಿಬ್ಬಂದಿ ಎದುರಿಗೆ ನಿಂತು ಸುಟ್ಟು, ಹಾಳೆಗಳ ಸಂಖ್ಯೆ ಬರೆದು ಸಹಿ ಮಾಡಿ. ಅಧ್ಯಯನದ ಫೋನಿನ ಸಂಪರ್ಕ ಪಟ್ಟಿ, ಕರೆ ದಾಖಲೆ, ವಾಟ್ಸಾಪ್ ಬ್ಯಾಕಪ್ ಅಳಿಸಿ. ಸಿಮ್ಮನ್ನು ಮಾತ್ರ ಕೂಡಲೇ ಬಿಡಬೇಡಿ. ಬಿಟ್ಟ ನಂಬರು ಕೆಲವು ತಿಂಗಳಲ್ಲಿ ಬೇರೆಯವರಿಗೆ ಹೋಗುತ್ತದೆ, ಆಗ ನಿಮಗೆಂದು ಬಂದ ಕರೆಗೆ ಅಪರಿಚಿತರೊಬ್ಬರು ಉತ್ತರಿಸುತ್ತಾರೆ. ಇನ್ನೊಂದು ವರ್ಷ ರೀಚಾರ್ಜ್ ಮಾಡಿಸಿ, ತಂಡದ ಒಬ್ಬರ ಬಳಿ ಇರಿಸಿ.